ಸೀಟು ಕೊನೆಗೆ, ನೀರು ಮೊದಲಿಗೆ: ಹಳೆಯ ಕಾರಿನ ಒಳಭಾಗವನ್ನು ಮನೆಯಲ್ಲೇ ಸರಿಪಡಿಸುವ ಬಗೆ

ಹಳೆಯ ಕಾರಿಗೆ ಮತ್ತೆ ಜೀವ ಕೊಡಲು ಹೊರಟವರಲ್ಲಿ ಬಹಳಷ್ಟು ಮಂದಿ ಎಂಜಿನ್ ಕೆಲಸ ಮುಗಿಯುತ್ತಿದ್ದಂತೆ ನೇರವಾಗಿ ಸೀಟಿನ ಅಂಗಡಿಗೆ ಹೋಗುತ್ತಾರೆ. ಹೊಸ ರೆಕ್ಸಿನ್ ಹೊಲಿಸಿ, ಕೆಳಗೆ ಮ್ಯಾಟ್ ಹಾಸಿ, ಗಾಡಿ ಹೊಸದಾಯಿತೆಂದು ಸಮಾಧಾನಪಡುತ್ತಾರೆ. ಒಂದು ಮಳೆಗಾಲ ಕಳೆಯುವಷ್ಟರಲ್ಲಿ ಒಳಗೆ ಮುಗ್ಗಲು ವಾಸನೆ ಏಳುತ್ತದೆ, ಬಾಗಿಲಿನ ಹಲಗೆ ಉಬ್ಬುತ್ತದೆ, ಮ್ಯಾಟ್ ಎತ್ತಿದರೆ ತಳದ ತಗಡು ತುಕ್ಕಿನ ಪುಡಿಯಾಗಿ ಕೈಗೆ ಬರುತ್ತದೆ. ನಾನು ಮಾಡಿದ ತಪ್ಪೂ ಇದೇ. ತುಮಕೂರಿನ ನಮ್ಮ ಮನೆಯ ಮುಂದಿನ ಹೊಂಗೆ ಮರದ ಕೆಳಗೆ ವರ್ಷಗಟ್ಟಲೆ ನಿಂತಿದ್ದ ತಂದೆಯವರ ಪ್ರೀಮಿಯರ್ ಪದ್ಮಿನಿಗೆ (ಮನೆಯಲ್ಲಿ ಯಾರೂ ಆ ಹೆಸರು ಹೇಳುತ್ತಿರಲಿಲ್ಲ, ನಮಗೆ ಅದು ಫಿಯೆಟ್ಟೇ) ಮೊದಲ ಸಲ ಸೀಟು ಹೊಲಿಸಿದ ಹಣ ಹಾಗೆಯೇ ನೀರುಪಾಲಾಯಿತು. ಎರಡನೆಯ ಸಲ ಕೆಲಸದ ಕ್ರಮವನ್ನೇ ತಿರುಗಿಸಿದೆ: ಮೊದಲು ನೀರು ಬರುವ ದಾರಿ ಮುಚ್ಚುವುದು, ಆಮೇಲೆ ತಳ, ಆಮೇಲೆ ಮೇಲ್ಛಾವಣಿಯ ಬಟ್ಟೆ ಮತ್ತು ಬಾಗಿಲು, ಎಲ್ಲಕ್ಕಿಂತ ಕೊನೆಗೆ ಸೀಟು. ಅಂಬಾಸಿಡರ್ ಆಗಲಿ, 1983ರಲ್ಲಿ ಬಂದು 2014ರವರೆಗೆ ತಯಾರಾದ ಮಾರುತಿ 800 ಆಗಲಿ, ಈ ಕ್ರಮ ಬದಲಾಗುವುದಿಲ್ಲ.

ನಮ್ಮ ಕಡೆ ಈ ಕೆಲಸಕ್ಕೆ ಒಳ್ಳೆಯ ಕಾಲವೆಂದರೆ ಸಂಕ್ರಾಂತಿಯಿಂದ ಯುಗಾದಿಯವರೆಗಿನ ದಿನಗಳು. ಗಾಳಿ ಒಣಗಿರುವುದರಿಂದ ಅಂಟು ಚೆನ್ನಾಗಿ ಹಿಡಿಯುತ್ತದೆ, ಪ್ರೈಮರ್ ಬೇಗ ಒಣಗುತ್ತದೆ, ತೊಳೆದ ಫೋಮು ಒಂದೇ ದಿನದಲ್ಲಿ ಆರುತ್ತದೆ. ಸೆಪ್ಟೆಂಬರ್, ಅಕ್ಟೋಬರ್ ತಿಂಗಳ ಮಳೆಯಲ್ಲಿ ಇದನ್ನು ಹಿಡಿದರೆ ಬಿಚ್ಚಿದ ಸಾಮಾನು ವರಾಂಡದ ತುಂಬ ಹರಡಿಕೊಂಡು, ಮನೆಯವರ ಕೋಪಕ್ಕೂ ಗುರಿಯಾಗಬೇಕಾಗುತ್ತದೆ.

ಬಿಚ್ಚುವ ಕೆಲಸ

ಬಿಚ್ಚುವ ಮೊದಲು ಪ್ರತಿಯೊಂದು ಮೂಲೆಯ ಫೋಟೊ ತೆಗೆದುಕೊಳ್ಳಿ. ಬಾಗಿಲಿನ ಹಿಡಿಕೆ, ಸೀಟಿನ ಕಂಬಿ, ಡ್ಯಾಶ್‌ಬೋರ್ಡಿನ ಹಿಂದಿನ ವೈರು, ಯಾವ ಸ್ಕ್ರೂ ಯಾವ ತೂತಿನದು ಎಂಬುದು ಮೂರು ವಾರದ ನಂತರ ಯಾರ ನೆನಪಿನಲ್ಲೂ ಇರುವುದಿಲ್ಲ. ಸ್ಕ್ರೂಗಳನ್ನು ಒಂದೇ ಡಬ್ಬಿಗೆ ಸುರಿಯದೆ, ಸಣ್ಣ ಪ್ಲಾಸ್ಟಿಕ್ ಕವರುಗಳಲ್ಲಿ ಬೇರೆ ಬೇರೆ ಹಾಕಿ, ಒಳಗೊಂದು ಚೀಟಿ ಬರೆದಿಡಬೇಕು. ಬ್ಯಾಟರಿಯ ಮೈನಸ್ ತಂತಿಯನ್ನು ಎಲ್ಲಕ್ಕಿಂತ ಮೊದಲು ಕಳಚಿ. ಹಳೆಯ ಗಾಡಿಗಳ ವೈರಿನ ಹೊದಿಕೆ ಒಣಗಿ ಬಿರುಕು ಬಿಟ್ಟಿರುತ್ತದೆ, ಸ್ಪ್ಯಾನರ್ ತಾಗಿದರೆ ಕಿಡಿ ಹಾರುತ್ತದೆ. ಏರ್‌ಬ್ಯಾಗ್ ಇರುವ ಕಾರಾದರೆ ಸ್ಟಿಯರಿಂಗಿಗೂ ಅದರ ಹಳದಿ ವೈರುಗಳಿಗೂ ಕೈ ಹಾಕದಿರುವುದೇ ಲೇಸು.

ಮುಂದಿನ ಸೀಟು ನಾಲ್ಕು ಬೋಲ್ಟುಗಳ ಮೇಲೆ ಕುಳಿತಿರುತ್ತದೆ. ಅವು ತುಕ್ಕು ಹಿಡಿದಿದ್ದರೆ ಬಲವಂತ ಮಾಡದೆ, ಹಿಂದಿನ ರಾತ್ರಿಯೇ ತುಕ್ಕು ಬಿಡಿಸುವ ಎಣ್ಣೆ ಹಾಕಿಡಿ. ಬೋಲ್ಟಿನ ತಲೆ ಮುರಿದರೆ ಒಂದು ಗಂಟೆಯ ಕೆಲಸ ಒಂದು ದಿನದ್ದಾಗುತ್ತದೆ. ಹಿಂದಿನ ಸೀಟಿನ ಕೆಳಭಾಗ ಹಲವು ಹಳೆಯ ಕಾರುಗಳಲ್ಲಿ ಬೋಲ್ಟೇ ಇಲ್ಲದೆ ಒತ್ತಿ ಕೂರಿಸಿದ್ದಾಗಿರುತ್ತದೆ. ಮುಂದಿನ ಅಂಚನ್ನು ಹಿಂದಕ್ಕೆ ತಳ್ಳಿ ಮೇಲಕ್ಕೆ ಎತ್ತಿದರೆ ಬರುತ್ತದೆ.

ಹೊಸಬರು ಸೋಲುವುದು ಕಿಟಕಿ ಗಾಜು ಏರಿಸುವ ಹಿಡಿಕೆಯ ಹತ್ತಿರ. ಅದಕ್ಕೆ ಸ್ಕ್ರೂ ಕಾಣುವುದಿಲ್ಲವೆಂದು ಸ್ಕ್ರೂಡ್ರೈವರ್ ತುರುಕಿ ಮೀಟಿ, ಬಾಗಿಲಿನ ಹಲಗೆಯನ್ನೇ ಮುರಿಯುತ್ತಾರೆ. ಮಾರುತಿ 800ರಲ್ಲೂ ಇನ್ನು ಹಲವು ಗಾಡಿಗಳಲ್ಲೂ ಹಿಡಿಕೆಯ ಬುಡದ ಹಿಂದೆ ಕುದುರೆ ಲಾಳದ ಆಕಾರದ ಒಂದು ಸ್ಪ್ರಿಂಗ್ ತಂತಿ ಅಡಗಿರುತ್ತದೆ. ಹಳೆಯ ಪಂಚೆಯ ಒಂದು ಪಟ್ಟಿ ಹರಿದುಕೊಂಡು, ಹಿಡಿಕೆಗೂ ಅದರ ಹಿಂದಿನ ಬಿಲ್ಲೆಗೂ ನಡುವೆ ಸೇರಿಸಿ, ಪಟ್ಟಿಯ ಎರಡೂ ತುದಿಯನ್ನು ಹಿಡಿದು, ಬೂಟು ಪಾಲಿಶ್ ಮಾಡುವವರಂತೆ ಎಡಕ್ಕೂ ಬಲಕ್ಕೂ ಎಳೆಯುತ್ತಾ ಸ್ವಲ್ಪ ಮೇಲಕ್ಕೆ ತನ್ನಿ. ಬಟ್ಟೆಯ ಎಳೆ ತಂತಿಯ ತುದಿಗೆ ಸಿಕ್ಕಿಕೊಳ್ಳುತ್ತದೆ. ಟಿಕ್ ಎಂದು ಸದ್ದಾಗಿ ತಂತಿ ಹೊರಗೆ ಹಾರುತ್ತದೆ. ಹಾರುತ್ತದೆ ಎಂಬ ಮಾತನ್ನು ಅಕ್ಷರಶಃ ತೆಗೆದುಕೊಳ್ಳಿ, ಇನ್ನೊಂದು ಕೈಯನ್ನು ಅಡ್ಡ ಹಿಡಿದಿರಿ. ನನ್ನ ಮೊದಲ ತಂತಿ ಕಾಂಪೌಂಡಿನ ಕನಕಾಂಬರದ ಗಿಡದಲ್ಲಿ ಸಿಕ್ಕಿತು.

ಹಿಡಿಕೆ ಬಂದ ಮೇಲೆ ಬಾಗಿಲಿನ ಹಲಗೆಯ ಅಂಚಿಗೆ ಅಗಲವಾದ ಚಪ್ಪಟೆ ಪಟ್ಟಿಯನ್ನು ಕೊಟ್ಟು, ಕ್ಲಿಪ್ ಇರುವ ಜಾಗದಲ್ಲಿಯೇ ಒಂದೊಂದಾಗಿ ಎಬ್ಬಿಸಬೇಕು. ಹಲಗೆ ಎಷ್ಟೇ ಹಾಳಾಗಿರಲಿ, ರೆಕ್ಸಿನ್ ಎಷ್ಟೇ ಹರಿದಿರಲಿ, ಯಾವುದನ್ನೂ ಎಸೆಯಬೇಡಿ. ಹೊಸದನ್ನು ಕತ್ತರಿಸಲು ಅದೇ ಅಚ್ಚು.

ನೀರು ಎಲ್ಲಿಂದ ಬರುತ್ತದೆ

ಗಾಡಿಯ ಒಳಗೆ ನೀರು ಬರುವುದು ಸಾಮಾನ್ಯವಾಗಿ ಮೂರು ದಾರಿಯಲ್ಲಿ. ಮುಂದಿನ ಗಾಜಿನ ಕೆಳಗೆ, ವೈಪರಿನ ಬುಡದಲ್ಲಿ ಗಾಳಿ ಹೋಗುವ ಜಾಲರಿ ಇರುತ್ತದೆ. ಅಲ್ಲಿ ಬಿದ್ದ ನೀರು ಎರಡು ಪಕ್ಕದ ಸಣ್ಣ ಕೊಳವೆಗಳಿಂದ ಹೊರಗೆ ಇಳಿದುಹೋಗಬೇಕು. ಹೊಂಗೆಯ ಹೂವು ಉದುರುವ ಕಾಲದಲ್ಲಿ ಮರದ ಕೆಳಗೆ ನಿಲ್ಲಿಸಿದ ಗಾಡಿಗೆ ಆ ಕೊಳವೆ ಕಟ್ಟಿಕೊಳ್ಳುವುದು ಖಂಡಿತ. ನಮ್ಮ ಫಿಯೆಟ್ಟಿನಿಂದ ನಾನು ತೆಗೆದ ಗೊಬ್ಬರ ಒಂದು ಹೂಕುಂಡಕ್ಕೆ ಸಾಕಾಯಿತು. ಬಗ್ಗುವ ತಂತಿಯನ್ನು ಮೆಲ್ಲಗೆ ಆಡಿಸಿ ಸ್ವಚ್ಛ ಮಾಡಿ, ಒಂದು ಚೊಂಬು ನೀರು ಹುಯ್ದು, ಅದು ಚಕ್ರದ ಹಿಂದೆ ನೆಲಕ್ಕೆ ಬೀಳುವುದನ್ನು ಕಣ್ಣಾರೆ ನೋಡಿ.

ಎರಡನೆಯದು ಬಾಗಿಲು. ಗಾಜಿನ ಪಕ್ಕದಿಂದ ಬಾಗಿಲಿನ ಹೊಟ್ಟೆಯೊಳಗೆ ನೀರು ಇಳಿಯುವುದು ಸಹಜವೇ. ಅದಕ್ಕೆಂದೇ ಬಾಗಿಲಿನ ತಳದಲ್ಲಿ ತೂತುಗಳನ್ನು ಬಿಟ್ಟಿರುತ್ತಾರೆ. ಮಣ್ಣಿನಿಂದಲೋ, ಹಿಂದೆ ಪೇಂಟ್ ಮಾಡಿದವರ ಅವಸರದಿಂದಲೋ ಅವು ಮುಚ್ಚಿದಾಗ ನೀರು ಒಳಗೇ ನಿಂತು ತಗಡನ್ನು ತಿನ್ನುತ್ತದೆ. ಬಾಗಿಲಿಗೂ ಹಲಗೆಗೂ ನಡುವೆ ಒಂದು ಪ್ಲಾಸ್ಟಿಕ್ ಹಾಳೆ ಅಂಟಿಸಿರಬೇಕು. ರಿಪೇರಿಗೆ ಬಿಚ್ಚಿದವರು ಅದನ್ನು ಹರಿದು ಬಿಸಾಡಿರುವುದೇ ಹೆಚ್ಚು, ಮತ್ತು ಹಲಗೆಯ ಕೆಳ ಅಂಚು ಹಪ್ಪಳದಂತೆ ಉಬ್ಬುವುದಕ್ಕೆ ಕಾರಣವೂ ಅದೇ. ಹೊಲದ ಕೃಷಿ ಹೊಂಡಕ್ಕೆ ಹಾಸುವಂಥ ದಪ್ಪ ಪಾಲಿಥೀನಿನ ಒಂದು ತುಂಡು ಸಿಕ್ಕರೆ ಕತ್ತರಿಸಿ, ಮೇಲಿನ ಮತ್ತು ಪಕ್ಕದ ಅಂಚನ್ನು ಅಂಟಿಸಿ, ಕೆಳ ಅಂಚನ್ನು ಬಾಗಿಲಿನ ಒಳಕ್ಕೆ ಮಡಚಿ ಬಿಡಿ. ಆಗ ಹಾಳೆಯ ಮೇಲೆ ಇಳಿದ ನೀರು ಮತ್ತೆ ಬಾಗಿಲಿನ ಹೊಟ್ಟೆಗೇ ಹೋಗಿ ತೂತಿನಿಂದ ಹೊರಬೀಳುತ್ತದೆ.

ಮೂರನೆಯದು ರಬ್ಬರ್ ಬೀಡಿಂಗ್. ಬಾಗಿಲು ಮುಚ್ಚುವಾಗ ನಡುವೆ ಒಂದು ಕಾಗದದ ಚೀಟಿ ಇಟ್ಟು ಎಳೆದು ನೋಡಿ. ಸ್ವಲ್ಪವೂ ತಡೆಯಿಲ್ಲದೆ ಜಾರಿ ಬಂದರೆ ಆ ಜಾಗದಲ್ಲಿ ರಬ್ಬರ್ ಸತ್ತಿದೆ. ಹೊಸ ಬೀಡಿಂಗಿಗೆ ಬೆಂಗಳೂರಿನ ಜೆ.ಸಿ. ರಸ್ತೆಗೆ ಹೋಗುವುದಾದರೆ ಹಳೆಯದರ ಎರಡು ಇಂಚಿನ ತುಂಡನ್ನು ಜೇಬಿನಲ್ಲಿಟ್ಟುಕೊಂಡು ಹೋಗಿ. ಗಾಡಿಯ ಹೆಸರು ಹೇಳಿ ಕೊಳ್ಳುವುದಕ್ಕಿಂತ ತುಂಡಿನ ಅಡ್ಡಸೀಳು ನೋಡಿ ಕೊಳ್ಳುವುದು ಮೇಲು, ಏಕೆಂದರೆ ಒಂದೇ ಹೆಸರಿನ ಗಾಡಿಗೆ ಬೇರೆ ಬೇರೆ ವರ್ಷಗಳಲ್ಲಿ ಬೇರೆ ಬೇರೆ ರಬ್ಬರ್ ಬಂದಿರಬಹುದು. ಕೂರಿಸುವಾಗ ಬೆಸುಗೆ ಬರುವ ಜಾಗ ಬಾಗಿಲಿನ ಕೆಳಗಿರಲಿ, ಮೇಲೆ ಬೇಡ. ಮೂಲೆಗಳಲ್ಲಿ ರಬ್ಬರನ್ನು ಎಳೆದು ಕೂರಿಸಬಾರದು. ಎಳೆದ ರಬ್ಬರ್ ದಿನ ಕಳೆದಂತೆ ಹಿಂದಕ್ಕೆ ಕುಗ್ಗಿ ಸಂದು ಬಿಡುತ್ತದೆ. ಬೀಡಿಂಗಿಗೆ ಗ್ರೀಸು, ಎಂಜಿನ್ ಆಯಿಲ್ ಹಚ್ಚುವವರಿದ್ದಾರೆ. ಅದರಿಂದ ರಬ್ಬರ್ ಊದಿ ಮೆತ್ತಗಾಗುತ್ತದೆ. ಗ್ಲಿಸರಿನ್ ಅಥವಾ ಸಿಲಿಕಾನ್ ಸಾಕು.

ಇಷ್ಟಾದ ಮೇಲೆ ಸೀಟಿಲ್ಲದ ಗಾಡಿಯೊಳಗೆ ಒಬ್ಬರು ಟಾರ್ಚ್ ಹಿಡಿದು ಕುಳಿತು, ಇನ್ನೊಬ್ಬರು ಹೊರಗಿನಿಂದ ಪೈಪಿನಲ್ಲಿ ನೀರು ಬಿಡಬೇಕು. ಕೆಳಗಿನಿಂದ ಆರಂಭಿಸಿ ಮೆಲ್ಲಗೆ ಮೇಲಕ್ಕೆ ಹೋಗಿ. ಮೇಲಿನಿಂದ ಆರಂಭಿಸಿದರೆ ನೀರು ಎಲ್ಲ ಕಡೆ ಹರಿದು, ಸೋರುವ ಜಾಗ ಯಾವುದೆಂದು ತಿಳಿಯುವುದಿಲ್ಲ.

ತಳ

ತಳದ ಹಳೆಯ ಮ್ಯಾಟ್ ಮತ್ತು ಅದರ ಕೆಳಗಿನ ಸೆಣಬಿನ ಹಾಸು ಎರಡನ್ನೂ ತೆಗೆದು, ಸ್ಕ್ರೂಡ್ರೈವರಿನ ತುದಿಯಿಂದ ತಗಡನ್ನು ಅಲ್ಲಲ್ಲಿ ಒತ್ತಿ ನೋಡಿ. ಗಟ್ಟಿಯಾಗಿದ್ದು ಮೇಲೆ ಮಾತ್ರ ತುಕ್ಕಿದ್ದರೆ ತಂತಿ ಬ್ರಷ್‌ನಿಂದ ಉಜ್ಜಿ, ಫಾಸ್ಫಾರಿಕ್ ಆಮ್ಲ ಇರುವ ತುಕ್ಕು ನಿವಾರಕ ಹಚ್ಚಿ, ತಯಾರಕರು ಹೇಳಿದಷ್ಟು ಹೊತ್ತು ಬಿಟ್ಟು, ಒರೆಸಿ ಒಣಗಿಸಿ, ಎರಡು ಕೋಟ್ ರೆಡ್ ಆಕ್ಸೈಡ್ ಪ್ರೈಮರ್, ಅದರ ಮೇಲೆ ಎನಾಮಲ್ ಪೇಂಟ್ ಹೊಡೆಯಿರಿ. ಕೈಗವಸು, ಕನ್ನಡಕ ಬೇಕೇ ಬೇಕು. ಸ್ಕ್ರೂಡ್ರೈವರ್ ತೂರಿಹೋದರೆ ಅದು ಮನೆಯ ಕೆಲಸವಲ್ಲ, ಟಿಂಕರಿಂಗ್ ಮಾಡುವವರ ಹತ್ತಿರ ಕೊಳೆತಷ್ಟನ್ನು ಕತ್ತರಿಸಿ ಹೊಸ ತಗಡು ಬೆಸುಗೆ ಹಾಕಿಸಬೇಕು. ತೂತಿನ ಮೇಲೆ ಫೈಬರ್ ಬಟ್ಟೆ ಮತ್ತು ಡಾಂಬರ್ ಬಳಿದು ಮುಚ್ಚುವುದನ್ನು ನಾನು ಬಹಳ ಗಾಡಿಗಳಲ್ಲಿ ಕಂಡಿದ್ದೇನೆ. ಸೀಟಿನ ಬೋಲ್ಟು ಹಿಡಿದಿರುವುದು ಆ ತಗಡಿಗೇ ಎಂಬುದನ್ನು ಮರೆತವರ ಕೆಲಸ ಅದು.

ಪೇಂಟ್ ಒಣಗಿದ ಮೇಲೆ ಸದ್ದು ತಗ್ಗಿಸುವ ಬಿಟುಮೆನ್ ಹಾಳೆಯ ತುಂಡುಗಳನ್ನು ಅಲ್ಲಲ್ಲಿ ಅಂಟಿಸಿದರೆ ಸಾಕು, ಇಡೀ ತಳ ಮುಚ್ಚಬೇಕಿಲ್ಲ. ಅದರ ಮೇಲೆ ಸೆಣಬಿನ ಬದಲು ನೀರು ಹೀರದ ಫೋಮ್ ಹಾಳೆ ಹಾಸಿ.

ಮೇಲ್ಛಾವಣಿ ಮತ್ತು ಬಾಗಿಲಿನ ಹಲಗೆ

ಹಳೆಯ ಕಾರುಗಳ ಮೇಲಿನ ಲೈನಿಂಗ್ ಬಟ್ಟೆ ಅಂಟಿನ ಬಲದಿಂದಷ್ಟೇ ನಿಂತಿರುವುದಿಲ್ಲ. ಬಟ್ಟೆಯ ಬೆನ್ನಿಗೆ ಹೊಲಿದ ನೆರಿಗೆಗಳಲ್ಲಿ ತೆಳುವಾದ ಬಾಗಿದ ಕಂಬಿಗಳನ್ನು ತೂರಿಸಿ, ಅವುಗಳ ತುದಿಯನ್ನು ಎರಡು ಪಕ್ಕದ ತೂತುಗಳಿಗೆ ಕೂರಿಸಿರುತ್ತಾರೆ. ಪ್ರತಿಯೊಂದು ಕಂಬಿಯ ಬಾಗು ಬೇರೆ. ತೆಗೆಯುತ್ತಿದ್ದಂತೆ ಅದರ ಮೇಲೆ ಟೇಪು ಸುತ್ತಿ, ಮುಂದಿನಿಂದ 1, 2, 3 ಎಂದು ಬರೆದು, ಯಾವ ತೂತಿನಲ್ಲಿತ್ತು ಎಂಬುದನ್ನೂ ಗುರುತು ಮಾಡಿ. ನಾನು ಎರಡನೆಯದನ್ನೂ ಮೂರನೆಯದನ್ನೂ ಅದಲು ಬದಲು ಮಾಡಿದೆ. ಬಟ್ಟೆಯನ್ನು ಎಷ್ಟು ಎಳೆದರೂ ನಡುವೆ ಸೀರೆ ನೆರಿಗೆಯಂಥ ಒಂದು ಸುಕ್ಕು ಉಳಿದುಬಿಟ್ಟಿತು, ಕೊನೆಗೆ ಎಲ್ಲವನ್ನೂ ಬಿಚ್ಚಿ ಮತ್ತೆ ಹಾಕಬೇಕಾಯಿತು.

ಲೈನಿಂಗಿನ ಮುಂದಿನ ಮತ್ತು ಹಿಂದಿನ ಅಂಚು ಗಾಜಿನ ರಬ್ಬರಿನ ಕೆಳಗೆ ಸೇರಿಕೊಂಡಿದ್ದರೆ ಗಾಜನ್ನೇ ತೆಗೆಯಬೇಕಾಗುತ್ತದೆ. ಹಳೆಯ ಗಾಜು ಒಡೆದರೆ ಇನ್ನೊಂದು ಸಿಗುವುದು ಕಷ್ಟ, ಆದ್ದರಿಂದ ಆ ಒಂದು ಕೆಲಸಕ್ಕೆ ಮಾತ್ರ ಗಾಜಿನವರನ್ನು ಮನೆಗೇ ಕರೆಸುವುದು ವಾಸಿ. ಬಟ್ಟೆ ಹರಿದಿಲ್ಲ, ಕೊಳೆಯಾಗಿದೆ ಅಷ್ಟೆ ಎಂದಾದರೆ ಒದ್ದೆ ಮಾಡದೆ, ಸೋಪಿನ ನೊರೆಯನ್ನಷ್ಟೇ ಸ್ಪಂಜಿನಲ್ಲಿ ತೆಗೆದುಕೊಂಡು ಒರೆಸಿ.

ಅಂಟಿನ ವಿಷಯದಲ್ಲಿ ಎರಡು ಮಾತು. ಬೇಸಿಗೆಯ ಬಿಸಿಲಿನಲ್ಲಿ ನಿಂತ ಕಾರಿನ ಒಳಗಿನ ಬಿಸಿ 60 ಡಿಗ್ರಿ ಸೆಲ್ಸಿಯಸ್ ಮುಟ್ಟಬಲ್ಲುದು, ಮರದ ಕೆಲಸದ ಬಿಳಿ ಅಂಟು ಅಲ್ಲಿ ನಿಲ್ಲುವುದಿಲ್ಲ. ಬಿಸಿ ತಡೆಯುವ ಸಿಂಥೆಟಿಕ್ ರಬ್ಬರಿನ ಅಂಟನ್ನು ಎರಡೂ ಮೈಗೆ ತೆಳ್ಳಗೆ ಹಚ್ಚಿ, ಬೆರಳಿಗೆ ಅಂಟದಷ್ಟು ಒಣಗುವವರೆಗೆ ಕಾದು, ಆಮೇಲೆ ಒತ್ತಬೇಕು. ಹಸಿಯಾಗಿದ್ದಾಗಲೇ ಒತ್ತಿದರೆ ಹಿಡಿಯುವುದೂ ಇಲ್ಲ, ಕಲೆಯೂ ಆಗುತ್ತದೆ. ಇದರ ಆವಿಗೆ ಬೆಂಕಿ ಹತ್ತುತ್ತದೆ, ತಲೆಯೂ ತಿರುಗುತ್ತದೆ; ಬಾಗಿಲುಗಳನ್ನೆಲ್ಲ ತೆಗೆದಿಟ್ಟು, ಬೀಡಿ ಸಿಗರೇಟಿನವರನ್ನು ದೂರ ಇರಿಸಿ ಕೆಲಸ ಮಾಡಿ.

ಬಾಗಿಲಿಗೆ 3 ಎಂಎಂ ಹಾರ್ಡ್‌ಬೋರ್ಡ್ ಪ್ಲೈವುಡ್ ಅಂಗಡಿಯಲ್ಲಿ ಸಿಗುತ್ತದೆ. ಹಳೆಯ ಹಲಗೆಯನ್ನು ಮೇಲಿಟ್ಟು ಗೀಟೆಳೆದು ಕತ್ತರಿಸಿ, ಕ್ಲಿಪ್ಪಿನ ತೂತುಗಳನ್ನು ಕೊರೆದು, ಎರಡೂ ಮೈಗೂ ಅಂಚಿಗೂ ಎರಡು ಸಲ ವಾರ್ನಿಷ್ ಹೊಡೆಯಿರಿ. ನೀರು ಹೀರುವುದು ಅಂಚಿನಿಂದಲೇ.

ಸೀಟು

ಹಳೆಯ ಸೀಟನ್ನು ಬಿಚ್ಚುವಾಗ ಮೂಗಿಗೆ ಬಟ್ಟೆ ಕಟ್ಟಿಕೊಳ್ಳಿ. ಮೂವತ್ತು ನಲವತ್ತು ವರ್ಷದ ಧೂಳು, ಒಮ್ಮೊಮ್ಮೆ ಇಲಿಯ ಸಂಸಾರವೂ ಒಳಗಿರುತ್ತದೆ. ರೆಕ್ಸಿನ್ನಿನ ಕೆಳಗೆ ಹತ್ತಿ ಅಥವಾ ಫೋಮು, ಅದರ ಕೆಳಗೆ ತೆಂಗಿನ ನಾರಿನ ಹಾಸು, ಅದರ ಕೆಳಗೆ ಗೋಣಿ, ತಳದಲ್ಲಿ ಸ್ಪ್ರಿಂಗ್. ಹೊದಿಕೆಯನ್ನು ಕಂಬಿಗೆ ಸಣ್ಣ ಕಬ್ಬಿಣದ ಉಂಗುರಗಳಿಂದ ಬಿಗಿದಿರುತ್ತಾರೆ. ಅವನ್ನು ಕಟಿಂಗ್ ಪ್ಲೇಯರ್‌ನಿಂದ ಒಂದೊಂದಾಗಿ ಕತ್ತರಿಸಿ ಹೊದಿಕೆಯನ್ನು ಇಡಿಯಾಗಿ ತೆಗೆಯಿರಿ.

ಸ್ಪ್ರಿಂಗ್ ಮುರಿದಿದ್ದರೆ ಅದೇ ದಪ್ಪದ ತಂತಿಯಿಂದ ಪಕ್ಕದ್ದಕ್ಕೆ ಬಿಗಿಯಬಹುದು, ಆದರೆ ಸ್ಪ್ರಿಂಗಿಗೆ ನೇರವಾಗಿ ಬೆಸುಗೆ ಹಾಕಿಸಬೇಡಿ. ಬಿಸಿ ತಾಗಿದ ಜಾಗದಲ್ಲಿ ಹದ ಕೆಟ್ಟು ಮತ್ತೆ ಅಲ್ಲೇ ಮುರಿಯುತ್ತದೆ. ಕಂಬಿಗೆಲ್ಲ ರೆಡ್ ಆಕ್ಸೈಡ್ ಹೊಡೆದು, ಮೇಲೆ ಹೊಸ ಗೋಣಿ ಕಟ್ಟಿ. ಈಗಿನವರು ನಾರನ್ನು ಕಿತ್ತು ಬರೀ ಫೋಮು ತುಂಬುತ್ತಾರೆ, ನನಗೆ ಅದು ಒಪ್ಪಿಗೆಯಿಲ್ಲ. ಸ್ಪ್ರಿಂಗಿನ ಮೇಲೆ ನೇರವಾಗಿ ಇಟ್ಟ ಫೋಮು ತಂತಿಯ ತುದಿಗೆ ಸಿಕ್ಕಿ ಹುಡಿಯಾಗುತ್ತದೆ, ಬೆನ್ನಿಗೆ ಬೆವರೂ ಹೆಚ್ಚು. ತಿಪಟೂರು, ಗುಬ್ಬಿಯ ಕಡೆ ತೆಂಗಿನ ನಾರಿಗೆ ಬರವಿಲ್ಲದ ಜಿಲ್ಲೆಯಲ್ಲಿ ಕುಳಿತು ನಾರು ಬೇಡವೆನ್ನುವುದೂ ವಿಚಿತ್ರವೇ. ಹಾಸಿಗೆ ಅಂಗಡಿಯಲ್ಲಿ ಸಿಗುವ, ರಬ್ಬರ್ ಬೆರೆಸಿದ ನಾರಿನ ಹಾಸು ಒಂದು ಪದರ ಇಟ್ಟು, ಅದರ ಮೇಲೆ ಕೂರುವ ಭಾಗಕ್ಕೆ 40 ಡೆನ್ಸಿಟಿಯ, ಬೆನ್ನಿಗೆ 32 ಡೆನ್ಸಿಟಿಯ ಫೋಮು ಹಾಕಿ. ಅಂಗಡಿಯಲ್ಲಿ ಬೆರಳಿನಿಂದ ಒತ್ತಿ ನೋಡಿದರೆ ಸಾಲದು, ಡೆನ್ಸಿಟಿ ಕೇಳಿ ತನ್ನಿ. ಒತ್ತಿದಾಗ ಗಟ್ಟಿಯಾಗಿ ಕಾಣುವುದೆಲ್ಲ ಬಾಳಿಕೆ ಬರುವುದಿಲ್ಲ.

ಹಳೆಯ ಹೊದಿಕೆಯ ಪ್ರತಿ ತುಂಡಿನ ಮೇಲೂ ಎಡ, ಬಲ, ಮೇಲೆ, ಕೆಳಗೆ ಎಂದು ಬರೆದು, ಕೂಡುವ ಅಂಚುಗಳಿಗೆ ಅಡ್ಡಲಾಗಿ ಚಾಕ್‌ಪೀಸಿನ ಗೆರೆ ಎಳೆದುಕೊಂಡ ಮೇಲೆ ಹೊಲಿಗೆ ಬಿಚ್ಚಿ. ಈ ಗೆರೆಗಳಿದ್ದರೆ ಹೊಸ ತುಂಡುಗಳನ್ನು ಸೇರಿಸುವಾಗ ಒಂದು ಪಕ್ಕ ಉದ್ದ, ಒಂದು ಪಕ್ಕ ಗಿಡ್ಡ ಆಗುವುದಿಲ್ಲ. ಹಳೆಯದು ಕುಗ್ಗಿರುತ್ತದೆ ಅಥವಾ ಹಿಗ್ಗಿರುತ್ತದೆ, ಹಾಗಾಗಿ ಮೊದಲು ಅಗ್ಗದ ಬಟ್ಟೆಯಲ್ಲಿ ಕತ್ತರಿಸಿ ಸೀಟಿನ ಮೇಲೆ ಇಟ್ಟು ನೋಡುವುದು ಕ್ಷೇಮ. ಹೊಲಿಗೆಯನ್ನು ಮನೆಯ ಮೆಷಿನ್ನಿನಲ್ಲಿ ಪ್ರಯತ್ನಿಸಿ ಎರಡು ಸೂಜಿ ಮುರಿದುಕೊಂಡ ಮೇಲೆ ನಾನು ಕುಷನ್ ವರ್ಕ್ಸ್ ಅಂಗಡಿಯೊಂದಕ್ಕೆ ಹೋದೆ. "ಸಾರ್, ಕತ್ತರಿಸಿ ಗುರುತು ಹಾಕಿ ತಂದ್ರೆ ಹೊಲಿಗೆ ನಾನು ಹಾಕ್ಕೊಡ್ತೀನಿ. ಆದ್ರೆ ಹೊಲಿಗೆ ಒತ್ತಾಗಿ ಹಾಕು ಅಂತ ಮಾತ್ರ ಹೇಳ್ಬೇಡಿ" ಎಂದರು ಅಲ್ಲಿನವರು. ಅವರ ಮಾತು ಸರಿ. ಬಟ್ಟೆಯಲ್ಲಿ ಒತ್ತು ಹೊಲಿಗೆ ಗಟ್ಟಿ. ರೆಕ್ಸಿನ್ನಿನಲ್ಲಿ ಅದು ಅಂಚೆಚೀಟಿಯ ಅಂಚಿನಂತೆ ಸಾಲು ತೂತಾಗಿ, ಕೂತಾಗ ಅಲ್ಲಿಯೇ ಹರಿಯುತ್ತದೆ. ಒಂದು ಹೊಲಿಗೆಗೆ 4ರಿಂದ 5 ಎಂಎಂ ಉದ್ದವಿರಲಿ, ದಾರ ನೈಲಾನ್ ಅಥವಾ ಪಾಲಿಯೆಸ್ಟರಿನದಾಗಿರಲಿ. ಹತ್ತಿಯ ದಾರ ತೇವಕ್ಕೆ ಕೊಳೆಯುತ್ತದೆ.

ಹೊದಿಕೆಯನ್ನು ಹಾಕುವ ಮುನ್ನ ಕಾಲು ಗಂಟೆ ಬಿಸಿಲಿನಲ್ಲಿ ಹರಡಿ. ಬೆಳಗಿನ ಚಳಿಯಲ್ಲಿ ಬೆತ್ತದಂತೆ ಬಿರುಸಾಗಿದ್ದ ರೆಕ್ಸಿನ್ ಮೆತ್ತಗಾಗಿ ಮೂಲೆಗಳಿಗೆ ಒಗ್ಗುತ್ತದೆ. ನಡುವಿನಿಂದ ಆರಂಭಿಸಿ ಎರಡು ಪಕ್ಕಕ್ಕೆ ಎಳೆಯುತ್ತಾ ಉಂಗುರ ಹಾಕಿ, ಮೂಲೆಗಳನ್ನು ಕೊನೆಗೆ ಬಿಗಿಯಿರಿ.

ಡ್ಯಾಶ್‌ಬೋರ್ಡ್, ಸ್ಟಿಯರಿಂಗ್, ಹೊಳೆಯುವ ಪಟ್ಟಿಗಳು

ಡ್ಯಾಶ್‌ಬೋರ್ಡನ್ನು ಬಟ್ಟೆ ಒಗೆಯುವ ಪುಡಿಯಿಂದ ಉಜ್ಜಬೇಡಿ. ಅಂಟುವಾಳದ ಕಾಯಿ ನೆನೆಸಿದ ತಿಳಿನೀರು ಇದಕ್ಕೆ ಹದವಾದದ್ದು, ಬಿಳಿಯ ಭಾಗಗಳಿಗೆ ಮಾತ್ರ ಮೊದಲು ಮರೆಯಲ್ಲಿ ಹಚ್ಚಿ ಕಲೆಯಾಗುವುದೇ ಎಂದು ನೋಡಿಕೊಳ್ಳಬೇಕು. ಕೊನೆಯ ಒರೆತಕ್ಕೆ ಬೋರ್‌ವೆಲ್ ನೀರು ಬೇಡ. ನಮ್ಮ ಕಡೆಯ ಗಡಸು ನೀರು ಒಣಗಿದ ಮೇಲೆ ಬಿಳಿಯ ಪೊರೆ ಬಿಡುತ್ತದೆ, ಕಪ್ಪು ಪ್ಲಾಸ್ಟಿಕ್ಕಿನ ಮೇಲೆ ಅದು ಎದ್ದು ಕಾಣುತ್ತದೆ. ಮಳೆನೀರು ಅಥವಾ ಫಿಲ್ಟರ್ ನೀರು ಒಂದು ಬಾಟಲಿ ಸಾಕು.

ಸ್ಟಿಯರಿಂಗಿನ ಗಟ್ಟಿ ಪ್ಲಾಸ್ಟಿಕ್ ಬಿರುಕು ಬಿಟ್ಟಿದ್ದರೆ, ಬಿರುಕನ್ನು ಬ್ಲೇಡಿನಿಂದ ಮೇಲೆ ಅಗಲ, ಕೆಳಗೆ ಕಿರಿದಾಗುವಂತೆ ಕೆತ್ತಿ, ಒರಟು ಎಮರಿ ಕಾಗದದಿಂದ ಉಜ್ಜಿ, ಎರಡು ಭಾಗ ಬೆರೆಸುವ ಎಪಾಕ್ಸಿಯನ್ನು ಸ್ವಲ್ಪ ಉಬ್ಬುವಷ್ಟು ತುಂಬಿ ಒಂದು ಇಡೀ ದಿನ ಬಿಡಿ. ಆಮೇಲೆ 180, 320, 600 ನಂಬರಿನ ಕಾಗದಗಳಿಂದ ಕ್ರಮವಾಗಿ ತಿಕ್ಕಿ ಪೇಂಟ್ ಮಾಡಿಸಿದರೆ ಬಿರುಕಿದ್ದ ಜಾಗ ಅಂಗೈಗೂ ತಿಳಿಯುವುದಿಲ್ಲ.

ಹೊಳೆಯುವ ಪಟ್ಟಿಗಳಿಗೆ ಕೈ ಹಾಕುವ ಮೊದಲು ಅವು ಯಾವ ಲೋಹ ಎಂದು ತಿಳಿಯಬೇಕು. ಅಯಸ್ಕಾಂತ ಹಿಡಿದರೆ ಸಾಮಾನ್ಯವಾಗಿ ಉಕ್ಕಿನ ಮೇಲಿನ ಕ್ರೋಮ್. ಹಿಡಿಯದಿದ್ದರೆ ಅಲ್ಯೂಮಿನಿಯಂ, ಸ್ಟೇನ್‌ಲೆಸ್ ಸ್ಟೀಲ್ ಅಥವಾ ಲೇಪವಿರುವ ಪ್ಲಾಸ್ಟಿಕ್. ಕ್ರೋಮಿನ ಮೇಲಿನ ತುಕ್ಕಿನ ಚುಕ್ಕೆಗಳಿಗೆ ಚಪಾತಿ ಸುತ್ತುವ ಅಲ್ಯೂಮಿನಿಯಂ ಹಾಳೆಯನ್ನು ಮುದುಡಿ, ನೀರಿನಲ್ಲಿ ಅದ್ದಿ ಮೆಲ್ಲಗೆ ಉಜ್ಜಿ. ಅದು ಕ್ರೋಮಿಗಿಂತ ಮೆದುವಾದ್ದರಿಂದ ಗೀರು ಬೀಳುವುದಿಲ್ಲ. ಲೇಪವೇ ಎದ್ದುಹೋಗಿದ್ದರೆ ಉಜ್ಜಿ ಫಲವಿಲ್ಲ. ಸ್ಟೀಲಿಗೆ ಮೆಟಲ್ ಪಾಲಿಶ್ ಸರಿ, ಪ್ಲಾಸ್ಟಿಕ್ಕಿಗೆ ಸೋಪಿನ ನೀರಿಗಿಂತ ಮುಂದೆ ಹೋಗಬಾರದು. ಹುಣಸೆಹಣ್ಣು ಹಿತ್ತಾಳೆಗೆ ಒಳ್ಳೆಯದೆಂದು ಅಲ್ಯೂಮಿನಿಯಂ ಪಟ್ಟಿಗೂ ಹಚ್ಚಿ ಮಸುಕು ಮಾಡಿಕೊಂಡವರನ್ನು ಬಲ್ಲೆ.

ಮತ್ತೆ ಜೋಡಿಸುವಾಗ ಮೇಲಿನ ಲೈನಿಂಗ್, ಬಾಗಿಲು, ತಳದ ಹಾಸು, ಸೀಟು ಎಂಬ ಕ್ರಮದಲ್ಲಿ ಸಾಗಿ. ಸೀಟ್ ಬೆಲ್ಟಿನ ಅಂಚು ಎಳೆ ಬಿಟ್ಟಿದ್ದರೆ ಹೊಲಿಸದೆ ಹೊಸದನ್ನೇ ಹಾಕಿ. ಸೀಟಿನ ಬೋಲ್ಟುಗಳನ್ನು ಒಂದು ವಾರ ಓಡಿಸಿದ ಮೇಲೆ ಇನ್ನೊಮ್ಮೆ ಬಿಗಿಯಿರಿ. ಮೊದಲ ಮಳೆ ಬಂದ ಮರುದಿನ ಮ್ಯಾಟ್ ಎತ್ತಿ ಕೈಯಿಟ್ಟು ನೋಡಿ. ಎಲ್ಲಾದರೂ ತೇವ ಕಂಡರೆ ತಳದ ತುಂಬ ಹಳೆಯ ದಿನಪತ್ರಿಕೆ ಹಾಸಿ ಮುಂದಿನ ಮಳೆಗೆ ಕಾಯಿರಿ. ಕಾಗದ ಮೊದಲು ನೆನೆದ ಜಾಗದಿಂದ ಮೇಲಕ್ಕೆ ಹುಡುಕುತ್ತಾ ಹೋದರೆ ನೀರಿನ ದಾರಿ ಸಿಗುತ್ತದೆ.